ಸದ್ದಿಲ್ಲದ ಗ್ರಾಫಿಕ್ಸ್ ಕಾರ್ಡಿಗಾಗಿ ಅಲೆದದ್ದು

ಅತ್ತೆಯ ತುಟಿ ನೀಲಿಗಟ್ಟಿತ್ತು.

ನಾನು ಅದೇ ಹಾಲ್‌ನಲ್ಲಿ ಅವರಿಗೆ ಬೆನ್ನು ಹಾಕಿ ಕುಳಿತಿದ್ದೆ. ಮಲ್ಲತ್ತಹಳ್ಳಿಯಲ್ಲಿ ಇನ್ನೂ ಕಟ್ಟುತ್ತಿರುವ ಯಾರದೋ ಮನೆಯ ಅಡುಗೆಕೋಣೆಗೆ ಕಂಪ್ಯೂಟರಿನಲ್ಲಿ ಬೆಳಗಿನ ಬಿಸಿಲು ಬೀಳಿಸುತ್ತಿದ್ದೆ. ಕಾಫಿಗೆ ಇಡಲೇ ಎಂದು ಕೇಳಲು ತಿರುಗಿದೆ. ಅತ್ತೆ ಮಂಚದ ಅಂಚು ಹಿಡಿದು ಬಾಗಿ ಕುಳಿತಿದ್ದರು. ಇನ್ನೊಂದು ಕೈಯನ್ನು ನನ್ನತ್ತ ಬೀಸುತ್ತಿದ್ದರು.

ಎಷ್ಟು ಹೊತ್ತಿನಿಂದ ಬೀಸುತ್ತಿದ್ದರು? ಅದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮತ್ತೆ ನಿಮಗೆ ಹೊಸಬರಲ್ಲ. (ಉಪ್ಪಿನಕಾಯಿ ವಿಷಯದಲ್ಲಿ ನನ್ನನ್ನು ಸೋಲಿಸಿದವರು, ಇದೇ ಅಂಕಣದಲ್ಲಿ ಬಂದು ಹೋಗಿದ್ದಾರೆ.) ಅವರ ಶ್ವಾಸಕೋಶ ಸೋತಿದೆ. ದಿನದ ಬಹುಪಾಲು ಹೊತ್ತು ಆಕ್ಸಿಜನ್ ಬೇಕು. ಸಿಲಿಂಡರ್ ಅಲ್ಲ, ಗಾಳಿಯಿಂದಲೇ ಆಕ್ಸಿಜನ್ ಸೋಸಿ ಕೊಡುವ ಮೆಷಿನ್. ಅದು ಬಿಸಿಯಾಗುತ್ತದೆ, ಗುರ್ ಎನ್ನುತ್ತದೆ ಎಂದು ಅಡುಗೆಮನೆ ಪಕ್ಕದ ಪ್ಯಾಸೇಜಿನಲ್ಲಿ ಇಟ್ಟಿದ್ದೇವೆ. ಅಲ್ಲಿಂದ ಉದ್ದದ ಟ್ಯೂಬು ಹಾಲ್‌ಗೆ ಬಂದು ಅತ್ತೆಯ ಮೂಗಿಗೆ ಸೇರುತ್ತದೆ. ಟ್ಯೂಬಿನಲ್ಲಿ ಗಾಳಿ ತಡೆದರೆ ಮೆಷಿನ್ ಬೀಪ್ ಬೀಪ್ ಎಂದು ಕೂಗಿಕೊಳ್ಳುತ್ತದೆ.

ಆ ದಿನ ಕೂಗಿಕೊಂಡಿತ್ತು. ಗಾಳಿಗೆ ಪ್ಯಾಸೇಜಿನ ಬಾಗಿಲು ಮುಚ್ಚಿಕೊಂಡು ಟ್ಯೂಬು ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ನಾನು ಓಡಿ ಬಾಗಿಲು ತೆಗೆದಾಗ ಆ ಬೀಪ್ ಮುಖಕ್ಕೆ ರಾಚಿತು. ಅಲ್ಲಿಯವರೆಗೆ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ.

ಏಕೆ? ನನ್ನ ಹೊಸ ಕಂಪ್ಯೂಟರ್ ಅದಕ್ಕಿಂತ ಜೋರಾಗಿ ಕೂಗುತ್ತಿತ್ತು.

ಟ್ಯೂಬು ಬಿಡಿಸಿದೆ. ಅತ್ತೆಯ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ ಡಾಕ್ಟರಿಗೆ ಫೋನ್ ಮಾಡಿದೆ. ನಂಬರ್ ನಿಧಾನವಾಗಿ ಮೇಲೇರಿತು. "ಈಗ ಪರವಾಗಿಲ್ಲ, ಗಮನ ಇಟ್ಟು ನೋಡ್ಕೊಳ್ಳಿ" ಎಂದರು ಡಾಕ್ಟರ್. ಅತ್ತೆಯ ಉಸಿರು ಹದಕ್ಕೆ ಬಂದಿತು.

ಪೀಣ್ಯದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ ನಮ್ಮವರು ಬಾಗಿಲಿಗೆ ರಬ್ಬರಿನ ತಡೆ ಬಡಿದರು. "ಇನ್ಮೇಲೆ ಮುಚ್ಕೊಳ್ಳಲ್ಲ ಬಿಡು" ಅಂದರು.

"ಬಾಗಿಲು ಮುಚ್ಕೊಳ್ಳಲ್ಲ, ಸರಿ. ಟ್ಯೂಬ್ ಮಡಿಸ್ಕೊಂಡ್ರೆ? ಮೆಷಿನ್ನೇ ಕೆಟ್ರೆ? ಅದು ಕೂಗಿದ್ದು ನಂಗೆ ಕೇಳ್ಬೇಕಲ್ಲ?"

ಅವರು ಸುತ್ತಿಗೆಯನ್ನು ಎತ್ತಿಡಲು ಒಳಗೆ ಹೋದರು.

ನನ್ನ ಕೆಲಸ ನಿಮಗೆ ಗೊತ್ತಲ್ಲ, ಇನ್ನೂ ಕಟ್ಟಿ ಮುಗಿಯದ ಮನೆಗಳ ಒಳಗು ಹೇಗೆ ಕಾಣುತ್ತದೆ ಎಂದು ಚಿತ್ರ ಮಾಡಿಕೊಡುವುದು. ಆ ಲೆಕ್ಕಾಚಾರವನ್ನೆಲ್ಲ ಮಾಡುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್. ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತೆಂದು ಹೊಸದನ್ನು ಜೋಡಿಸಿಕೊಂಡಿದ್ದೆ. ಆರಿಸುವಾಗ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಫಾಸ್ಟು? ಫಾಸ್ಟಾಗಿಯೇ ಇತ್ತು. ಆದರೆ ಒಂದು ಚಿತ್ರಕ್ಕೆ ಕುಳಿತರೆ ಕಾರ್ಡ್ ಕಾದು, ಅದನ್ನು ತಣಿಸಲು ಫ್ಯಾನು ಭೋರ್ಗರೆಯುತ್ತಿತ್ತು. ನಮ್ಮದು ವಿಜಯನಗರದ ಹಳೆಯ ಕಟ್ಟಡದ ಕೊನೆಯ ಮಹಡಿ. ಮೇಲೆ ತಾರಸಿಯ ಬಿಸಿಲು, ಕೆಳಗೆ ಕಂಪ್ಯೂಟರಿನ ಝಳ. "ಮಿಕ್ಸಿ ಆಯ್ತೇನೇ?" ಎಂದು ಅತ್ತೆ ಮೊದಲ ದಿನ ಕೇಳಿದ್ದರು. ನಾನು ನಕ್ಕಿದ್ದೆ.

ಈಗ ನಗು ಬರಲಿಲ್ಲ. ಕೆಲಸ ಶುರು ಮಾಡುವುದು, ಎದ್ದು ಅತ್ತೆಯ ಮುಖ ನೋಡುವುದು. ಕುಳಿತುಕೊಳ್ಳುವುದು, ಮತ್ತೆ ಎದ್ದು ಟ್ಯೂಬಿಗೆ ಕೈಯಾಡಿಸುವುದು. ಫ್ಯಾನಿನ ಆರ್ಭಟದೊಳಗೆ ಎಲ್ಲೋ ಬೀಪ್ ಕೇಳಿದಂತಾಗಿ ಮೆಷಿನ್ ಕಡೆ ಓಡುವುದು, ಏನೂ ಇಲ್ಲ. ಏನೂ ಕೇಳಿಸದಿದ್ದರೆ ಅದು ಇನ್ನೂ ದೊಡ್ಡ ಭಯ. ಕೊನೆಗೆ ಕಂಪ್ಯೂಟರನ್ನೇ ಆಫ್ ಮಾಡಿ ಸುಮ್ಮನೆ ಕೂರತೊಡಗಿದೆ. ಮಲ್ಲತ್ತಹಳ್ಳಿಯವರು ಫೋನ್ ಮಾಡಿದರು. "ಮೇಡಂ, ಕಾರ್ಪೆಂಟರ್ ಕಾಯ್ತಾ ಇದಾನೆ." ಕಾಯುತ್ತಾನೆ, ಪಾಪ. ನಾನೇನು ಹೇಳಲಿ?

ಇಂಟರ್‌ನೆಟ್ ಜಾಲಾಡಿದೆ. ಸದ್ದು ಕಡಿಮೆ ಮಾಡುವ, ತಣ್ಣಗಿರುವ ಕಾರ್ಡ್ ಯಾವುದು ಎಂದು ಜಗತ್ತಿನ ತುಂಬ ಜನ ಬರೆದಿದ್ದಾರೆ. ಯಾವುದೋ ದೇಶದ ಮಹಾನುಭಾವ, ಸೊಳ್ಳೆ ಹಾರಿದರೂ ಕೇಳುವಂಥ ಕೋಣೆಯಲ್ಲಿ ಮೈಕು ಇಟ್ಟು ಅಳೆದಿದ್ದಾನೆ. ಅವನ ಮನೆ ಕೆಳಗೆ ಸೊಪ್ಪಿನ ಗಾಡಿಯ ಸ್ಪೀಕರ್ ಇದೆಯೇ? ಅವನ ಅತ್ತೆ ಪಕ್ಕದಲ್ಲಿ ಮಲಗಿದ್ದಾರೆಯೇ? ಆದರೂ ಓದಿ ಇಷ್ಟು ತಿಳಿದುಕೊಂಡೆ. ಕರೆಂಟು ಕಡಿಮೆ ಎಳೆಯುವ ಕಾರ್ಡ್ ಕಡಿಮೆ ಕಾಯುತ್ತದೆ. ಬಿಸಿ ಹೀರುವ ಲೋಹದ ಹೊದಿಕೆ ದಪ್ಪಗಿದ್ದಷ್ಟೂ ಫ್ಯಾನಿಗೆ ಆತುರವಿಲ್ಲ. ಕೆಲಸವಿಲ್ಲದಾಗ ಫ್ಯಾನು ಪೂರ್ತಿ ನಿಂತುಬಿಡುವ ಕಾರ್ಡುಗಳೂ ಇವೆ. ಇಷ್ಟು ತಿಳಿದ ಮೇಲೆ ಭಯ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮತ್ತೆ ತಪ್ಪಾಗಿ ಆರಿಸಿದರೆ?

ಕೊನೆಗೆ ಒಂದು ಕೆಲಸ ಮಾಡಿದೆ. ಟ್ಯೂಬು ಅತ್ತೆಯ ಮೂಗಿನಿಂದ ತೆಗೆದಿದ್ದ ಹೊತ್ತು ನೋಡಿ ಅದನ್ನು ಬೇಕೆಂದೇ ಮಡಚಿ ಹಿಡಿದು, ಮೆಷಿನ್ ಕೂಗುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೆಳಗಿನ ಮನೆಯ ಶಾಂತಾ ಆಂಟಿಯನ್ನು ಅತ್ತೆಯ ಹತ್ತಿರ ಕೂರಿಸಿದೆ. ಕಾರ್ಡನ್ನು ಕಳಚಿ ಡಬ್ಬಕ್ಕೆ ಹಾಕಿ, ಅದನ್ನು ಕೊಂಡಿದ್ದ ರಾಜಾಜಿನಗರದ ಕಂಪ್ಯೂಟರ್ ಅಂಗಡಿಗೆ ಹೋದೆ.

"ಸೌಂಡ್ ಕಮ್ಮಿ ಇರೋದು ಬೇಕು" ಎಂದೆ.

"ಲೈಟ್ ಇರೋದು ತೋರಿಸ್ಲಾ ಮೇಡಂ? ಮೂರು ಫ್ಯಾನ್, ಮೂರೂ ಬೇರೆ ಬೇರೆ ಕಲರ್."

"ಬೆಳಕು ಬೇಡ. ಮೂರು ಫ್ಯಾನ್ ಅಂದ್ರೆ ಸದ್ದೂ ಮೂರು ಪಟ್ಟಲ್ವಾ?"

"ಇಲ್ಲ ಮೇಡಂ, ಮೂರಿದ್ರೆ ಮೂರೂ ನಿಧಾನಕ್ಕೆ ತಿರುಗ್ತವೆ."

"ಹಾಗಾದ್ರೆ ಒಂದ್ಸಲ ಹಾಕಿ ಕೇಳಿಸಿ."

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರೂ ಕೇಳಿಸ್ಕೊಂಡು ತಗೊಳಲ್ಲ ಮೇಡಂ. ಎಲ್ರೂ ನೋಡಿ ತಗೋತಾರೆ."

ವಿಷಯ ಹೇಳಿದೆ. ಅತ್ತೆ, ಟ್ಯೂಬು, ಬಾಗಿಲು, ನೀಲಿ ತುಟಿ. ಅವರು ಮತ್ತೆ ಲೈಟಿನ ಮಾತೆತ್ತಲಿಲ್ಲ. ಹೊರಗಿನ ಬಸ್ಸುಗಳ ಸದ್ದು ಬಾರದಿರಲೆಂದು ಶಟರ್ ಅರ್ಧ ಎಳೆದರು. ಹಿಂದಿನ ಗೋಡೌನಿನಲ್ಲಿ ನನ್ನ ಮೊಬೈಲನ್ನು ಇಟ್ಟು, ಬಾಗಿಲು ಓರೆ ಮಾಡಿ, ಆ ಬೀಪ್ ಹಾಕಿದೆವು. ಮುಂದೆ ಒಂದು ಕಂಪ್ಯೂಟರಿಗೆ ಕಾರ್ಡ್ ಹಾಕಿ ಜೋರು ಕೆಲಸ ಕೊಟ್ಟು, ಪಕ್ಕದಲ್ಲಿ ಕುರ್ಚಿ ಎಳೆದು ನಾನು ಕಣ್ಣು ಮುಚ್ಚಿ ಕುಳಿತೆ.

"ಏನ್ ಗುರು, ಫೈರ್ ಅಲಾರಮ್ಮಾ?" ಎಂದರು ಯಾರೋ ಗಿರಾಕಿ, ಶಟರ್ ಕೆಳಗಿಂದ ಬಗ್ಗಿ.

ಮೊದಲನೆಯ ಕಾರ್ಡಿನ ಸದ್ದಿನಲ್ಲಿ ಬೀಪ್ ಮುಳುಗಿಹೋಯಿತು. ಅದನ್ನು ತೆಗೆಸಿದೆ. ಎರಡನೆಯದರ ಫ್ಯಾನು ಬಲು ಮೆತ್ತಗಿತ್ತು, ಆದರೆ ಕೆಲಸ ಏರಿದಂತೆ ಕಾರ್ಡಿನೊಳಗಿನಿಂದ ಸಣ್ಣಗೆ ಕುಂಯ್ ಎಂಬ ದನಿ ಹೊರಟಿತು. ಕೆಲವು ಕಾರ್ಡ್ ಹಾಗೇ, ಅದೇನೂ ದೋಷವಲ್ಲ ಎಂದರು ಅಂಗಡಿಯವರು. ಅವರಿಗೆ ಅಲ್ಲದಿರಬಹುದು. ಆ ಕುಂಯ್‌ಗೂ ನನ್ನ ಬೀಪ್‌ಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅದನ್ನು ಮನೆಗೆ ಒಯ್ದರೆ ದಿನವಿಡೀ ಪ್ಯಾಸೇಜಿಗೆ ಓಡುತ್ತಲೇ ಇರಬೇಕು.

ಮೂರನೆಯದು ವೇಗದಲ್ಲಿ ಅವೆರಡಕ್ಕಿಂತ ಕಡಿಮೆ. ಇಟ್ಟಿಗೆಯಷ್ಟು ದಪ್ಪ. ಅದು ಓಡತೊಡಗಿತು. ಕಾದೆ. ಕಾರ್ಡ್ ಕಾಯಲಿ ಎಂದು ಇನ್ನೂ ಕಾದೆ. ಗೋಡೌನಿನ ಕತ್ತಲಿನಿಂದ ಬೀಪ್ ಸ್ಪಷ್ಟವಾಗಿ ಬಂದಿತು.

"ಕೇಳಿಸ್ತಾ ಇದೆಯಾ ಮೇಡಂ?"

ತಲೆಯಾಡಿಸಿದೆ. ಅದನ್ನೇ ಕೊಡಿ ಎಂದೆ. ಅಂಗಡಿಯವರು ಸ್ವಲ್ಪ ಗೊಣಗಿಕೊಂಡೇ ನಾನು ತಂದಿದ್ದ ಕಾರ್ಡನ್ನು ವಾಪಸ್ ಇಟ್ಟುಕೊಂಡರು.

ಹೊಸ ಕಾರ್ಡ್ ಹಾಕಿದ ಮೊದಲ ಮಧ್ಯಾಹ್ನ ಮನೆ ಮನೆಯಂತಿತ್ತು. ಚಿತ್ರ ನಿಧಾನವಾಗಿ ಮೂಡುತ್ತಿತ್ತು. ಕಂಪ್ಯೂಟರಿನ ಹಿಂದೆ ಕೈಯಿಟ್ಟರೆ ಬೆಚ್ಚಗಿತ್ತು, ಅಷ್ಟೇ. ಪ್ಯಾಸೇಜಿನ ಗುರ್ ಕೇಳುತ್ತಿತ್ತು. ಅತ್ತೆ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. ಎಷ್ಟೋ ದಿನಗಳ ಮೇಲೆ ನಾನು ಏಳದೆ ಕೆಲಸ ಮಾಡಿದೆ.

ಆಗ ಅತ್ತೆಯ ದನಿ ಬಂದಿತು. ಸಣ್ಣಗೆ, ನಡುಗುತ್ತ. "ಇದೀಯೇನಮ್ಮಾ?"

ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಓಡಿದೆ. ಟ್ಯೂಬು ನೋಡಿದೆ, ಕ್ಲಿಪ್ ಹಾಕಿದೆ. ಎಲ್ಲವೂ ಸರಿಯಿತ್ತು.

"ಏನಾಯ್ತು ಅತ್ತೆ?"

"ಏನಿಲ್ಲ. ಎದ್ದು ಎಲ್ಲಾದ್ರೂ ಹೋದ್ಯೇನೋ ಅಂದ್ಕೊಂಡೆ."

"ಇಲ್ಲೇ ಇದೀನಲ್ಲ. ಕೆಲಸ ಮಾಡ್ತಾ ಇದೀನಿ."

ಅತ್ತೆ ಉಸಿರು ತೆಗೆದುಕೊಳ್ಳಲು ಸ್ವಲ್ಪ ತಡೆದರು. "ಮುಂಚೆ ನಿನ್ನ ಕಂಪ್ಯೂಟರ್ ಹೊಡ್ಕೋತಾ ಇತ್ತಲ್ಲ, ಅದು ಹೊಡ್ಕೋತಿದ್ರೆ ನೀನು ಇದೀಯ ಅಂತ ಧೈರ್ಯ. ಈಗ ಕಣ್ಣು ಮುಚ್ಚಿದ್ರೆ ಮನೇಲಿ ಯಾರೂ ಇಲ್ಲ ಅನ್ನಿಸುತ್ತೆ ಕಣೇ."

ನಾನು ಮಂಚದ ಮೇಲೆ ಕುಳಿತೆ. ಅವರ ಕೈ ನನ್ನ ಕೈಯೊಳಗಿತ್ತು, ತಣ್ಣಗೆ. ಇಷ್ಟು ದಿನ ನಾನು ನನ್ನ ಕಿವಿಯ ಬಗ್ಗೆಯಷ್ಟೇ ಹೆದರಿದ್ದೆ. ಅವರೂ ಅದೇ ಹಾಲ್‌ನಲ್ಲಿ ಕಿವಿ ನಿಮಿರಿಸಿಕೊಂಡೇ ಮಲಗಿದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಏನು ಮಾಡಿದೆ ಅಂತೀರಾ? ಮಂಚವನ್ನು ತಿರುಗಿಸಿದೆವು, ಕಣ್ಣು ಬಿಟ್ಟರೆ ನಾನು ಕಾಣುವ ಹಾಗೆ. ಆದರೆ ನಿದ್ದೆಗಣ್ಣಿನಲ್ಲಿ ಯಾರು ನೋಡುತ್ತಾರೆ? ಹಾಗಾಗಿ ಅತ್ತೆ ಆಗಾಗ "ಇದೀಯಾ?" ಎನ್ನುತ್ತಾರೆ. ನಾನು ಕತ್ತು ತಿರುಗಿಸದೆ "ಇದೀನಿ ಅತ್ತೆ" ಎನ್ನುತ್ತೇನೆ. ಕೆಲಸ ಸಾಗುತ್ತಿದೆ, ಮಲ್ಲತ್ತಹಳ್ಳಿಯ ಅಡುಗೆಮನೆಯೂ ಮುಗಿಯಿತು.

ಆದರೆ ಕೆಲವು ಮಧ್ಯಾಹ್ನ ಅತ್ತೆ ತುಂಬ ಹೊತ್ತು ಏನೂ ಕೇಳುವುದಿಲ್ಲ. ನಿದ್ದೆ ಬಂದಿರಬೇಕು ಎಂದುಕೊಳ್ಳುತ್ತೇನೆ. ಕೈ ಮೌಸಿನ ಮೇಲೆಯೇ ನಿಂತುಬಿಡುತ್ತದೆ. ತಿರುಗಿ ನೋಡಲು ಧೈರ್ಯ ಸಾಲದೆ, ನಾನೇ ಮೆಲ್ಲಗೆ ಕೇಳುತ್ತೇನೆ:

"ಅತ್ತೆ, ಇದೀರಾ?"