ಮುತ್ಯಾನ ಹೆಸರಿನ ಬಸ್ ಪುಟ

‘ಈ ಪುಟವನ್ನು ತಿದ್ದಲು ನಿಮಗೆ ಅನುಮತಿ ಇಲ್ಲ.’

ಬುಧವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ನನ್ನದೇ ವೆಬ್‌ಸೈಟು ನನಗೆ ಹೀಗೆ ಹೇಳಿತು. ಡೈರಿಯಲ್ಲಿ ಸಮಯ ಬರೆದು ಪಕ್ಕದಲ್ಲಿ ಒಂದು ಗೆರೆ ಎಳೆದೆ. ಭಾನುವಾರದ ಹೊತ್ತಿಗೆ ಅಂಥ ಗೆರೆಗಳು ನಲವತ್ತಮೂರಾಗಿದ್ದವು.

ವೆಬ್‌ಸೈಟು ದೊಡ್ಡದೇನಲ್ಲ. ಬಸವನ ಬಾಗೇವಾಡಿಯಲ್ಲಿ ನಮ್ಮ ಮನೆಯ ಮಾಳಿಗೆಯಿಂದ ಬಸ್ ನಿಲ್ದಾಣ ಕಾಣುತ್ತದೆ. ಮನಗೂಳಿಯ ಶಾಲೆಗೆ ಪಾಠ ಹೇಳಲು ಹೊರಡುವ ಮುಂಚೆ, ಯಾವ ಬಸ್ಸು ನಿಜವಾಗಿ ಎಷ್ಟಕ್ಕೆ ಬಿಟ್ಟಿತು ಎಂದು ನೋಡಿ ಬರೆದಿಡುವುದು ನನ್ನ ರೂಢಿ. ನನಗೆ ಕಾಣದ ಬಸ್ಸುಗಳ ಹೊತ್ತನ್ನು ಸಂಜೆ ನಿಲ್ದಾಣದಲ್ಲಿ ಡ್ರೈವರುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. ಹಾಗೆ ಬರೆದದ್ದು ಇನ್ನೂರ ಹನ್ನೆರಡು ದಿನ. ಅದನ್ನೇ ಒಂದು ಪುಟ ಮಾಡಿ ಹಾಕಿದ್ದೆ. ದಿನಕ್ಕೆ ಮೂವತ್ತು ನಲವತ್ತು ಜನ ನೋಡುತ್ತಿದ್ದರು. ಅದರಲ್ಲಿ ನಾನೇ ನೋಡಿದ ಸಲಗಳನ್ನು ಆಗ ಕಳೆದಿರಲಿಲ್ಲ.

ಆ ವಾರ, ಮುದ್ದೇಬಿಹಾಳದ ಮೇಲೆ ತಂಗಡಗಿಗೆ ಹೋಗುವ ಬೆಳಗಿನ ಬಸ್ಸು ಏಳೂ ಐವತ್ತರ ಬದಲು ಏಳೂ ಇಪ್ಪತ್ತಕ್ಕೇ ಬಿಡತೊಡಗಿತ್ತು. ಸೋಮವಾರ, ಮಂಗಳವಾರ, ಬುಧವಾರ. ಮೂರು ದಿನ ಕಂಡದ್ದನ್ನು ನಾನು ಖಾಯಂ ಎಂದು ಬರೆಯುತ್ತೇನೆ. ಬರೆಯಲು ಹೋದರೆ ಅನುಮತಿ ಇಲ್ಲ.

ನನ್ನ ಸೋದರಮಾವ ಸಿಂದಗಿಯಲ್ಲಿರುತ್ತಾನೆ. ಬಳಗದಲ್ಲಿ ಅವನಿಗೆ ಕಂಪ್ಯೂಟರ್ ಬಲ್ಲವನೆಂಬ ಹೆಸರಿದೆ. ಆ ಹೆಸರು ಹೇಗೆ ಬಂತೆಂದು ವಿಚಾರಿಸಿದ್ದೇನೆ: ಯಾರದೋ ಮನೆಯಲ್ಲಿ ಕೆಟ್ಟುಹೋದ ಪ್ರಿಂಟರಿನ ವೈರನ್ನು ಗೋಡೆಗೆ ಸಿಕ್ಕಿಸಿ ಚಾಲೂ ಮಾಡಿದ್ದನಂತೆ. ಹಳೆಯ ಜಾಗದಲ್ಲಿ ನನ್ನ ವೆಬ್‌ಸೈಟು ನಿಧಾನ ತೆರೆಯುತ್ತದೆ ಎಂದು ಹಿಂದಿನ ಭಾನುವಾರ ಅದನ್ನು ಬೇರೆ ಸರ್ವರಿಗೆ ಸಾಗಿಸಿಕೊಟ್ಟವನೂ ಅವನೇ. ಅವನಿಗೆ ಫೋನ್ ಮಾಡಿದೆ.

“ರಿಫ್ರೆಶ್ ಮಾಡಿದೇನು?”

“ಮಾಡೇನಿ ಮಾಮಾ.”

“ಇನ್ನೊಮ್ಮಿ ಮಾಡು. ಜೋರಾಗಿ ಒತ್ತು.”

ನಾಲ್ಕು ದಿನಗಳಲ್ಲಿ ಅವನಿಗೆ ಹದಿನಾಲ್ಕು ಸಲ ಕರೆ ಮಾಡಿದೆ. ಎತ್ತಿದ್ದು ಆರು ಸಲ. ರಿಫ್ರೆಶ್ ಎಂಬ ಪದ ಬಂದದ್ದು ಹನ್ನೊಂದು ಸಲ. ಗುರುವಾರ ಅವನಿಗೆ ಒಂದು ದೊಡ್ಡ ಉಪಾಯ ಹೊಳೆಯಿತು. ಎಲ್ಲ ಫೋಲ್ಡರುಗಳಿಗೂ ಮೂರು ಏಳು ಹಾಕಿಬಿಟ್ಟ. ಮೂರು ಏಳು ಎಂದರೆ ಆ ಸರ್ವರಿನಲ್ಲಿ ಜಾಗ ಇದ್ದವರು ಯಾರೇ ಆಗಲಿ ಒಳಗೆ ಬಂದು ಓದಬಹುದು, ಬರೆಯಬಹುದು, ಅಳಿಸಿಯೂ ಹೋಗಬಹುದು ಎಂದರ್ಥ. ಊರಿಗೆಲ್ಲ ಬಾಗಿಲು ತೆರೆಯಿತು. ನನಗೆ ಮಾತ್ರ ತೆರೆಯಲಿಲ್ಲ. ಮತ್ತೆ ಮೊದಲಿನಂತೆ ಮಾಡಿಸಲು ಎರಡು ಕರೆ ಬೇಕಾದವು.

ಅದೇ ಗುರುವಾರ ಸಂಜೆ ಪುಟದ ಕೆಳಗೆ ಒಬ್ಬ ಹೆಂಗಸು ಬರೆದಿದ್ದಳು. ಹಿಂದೆಯೂ ಒಮ್ಮೆ ಬರೆದವಳಾದ್ದರಿಂದ ಅವಳ ಮಾತು ಯಾರ ಪರಿಶೀಲನೆಗೂ ಕಾಯದೆ ನೇರವಾಗಿ ಪುಟದಲ್ಲಿ ಬಿದ್ದಿತ್ತು. ‘ಸೋಮವಾರ ಮುದ್ದೇಬಿಹಾಳದಾಗ ಹತ್ತಕ್ಕ ಪರೀಕ್ಷೆ ಐತ್ರಿ. ಪಿಯುಸಿ ಒಂದ ವಿಷಯ ಉಳದೈತ್ರಿ. ಮೂರನೇ ಸಲ ಕಟ್ಟೇನ್ರಿ, ಈ ಸಲ ಹೋದ್ರ ಮನ್ಯಾಗ ಮತ್ತ ಕಳಸೂದಿಲ್ರಿ. ಬಾಗೇವಾಡಿ ಬಿಡೂದು ೭.೫೦ ಖಾತ್ರಿ ಏನ್ರಿ? ನಮ್ಮ ಕ್ರಾಸಿಗೆ ಬಂದು ನಿಂದರ್ತೇನ್ರಿ.’ ಹೆಸರಿರಲಿಲ್ಲ. ಯಾವ ಕ್ರಾಸ್ ಎಂದೂ ಇರಲಿಲ್ಲ. ಆ ದಾರಿಯಲ್ಲಿ ನಾನು ಎಣಿಸಿದ ಕ್ರಾಸುಗಳು ಒಂಬತ್ತು.

ಆ ಬಸ್ಸು ತಪ್ಪಿದರೆ ಮುಂದಿನದು ಮುದ್ದೇಬಿಹಾಳ ಮುಟ್ಟುವುದು ಹತ್ತೂವರೆಗೆ. ಇದೂ ನನ್ನ ಪುಟದಲ್ಲೇ ಇತ್ತು.

ನಾನೂ ಹೊರಗಿನವಳಂತೆ ಅವಳ ಮಾತಿನ ಕೆಳಗೆ ಉತ್ತರ ಬರೆದೆ: ‘ಅಕ್ಕಾ, ೭.೫೦ ಅಲ್ಲ, ೭.೨೦.’ ವೆಬ್‌ಸೈಟು ಬಲು ವಿನಯದಿಂದ, ‘ನಿಮ್ಮ ಅನಿಸಿಕೆ ಮಾಲೀಕರ ಪರಿಶೀಲನೆಯಲ್ಲಿದೆ’ ಎಂದಿತು.

ಯಾರು ಈ ಮಾಲೀಕರು ಎಂದು ಆಗ ನೋಡಿದೆ. ಮೊದಲ ದಿನವೇ ನೋಡಬೇಕಿತ್ತು. ಬ್ರೌಸರ್ ಬದಲಿಸುತ್ತ, ಹೊರಹೋಗಿ ಒಳಬರುತ್ತ, ಗೆರೆ ಎಳೆಯುತ್ತ ಎರಡು ದಿನ ಕಳೆದಿದ್ದೆ. ಲೆಕ್ಕವಿಡುವವರ ದಡ್ಡತನ ಹೀಗೇ ಇರುತ್ತದೆ. ಸೋರುವ ಕೊಡವನ್ನು ಬಿಟ್ಟು ಹನಿ ಎಣಿಸುತ್ತೇವೆ. ನನ್ನ ಹೆಸರಿನ ಮುಂದೆ ‘ಕೊಡುಗೆದಾರರು’ ಎಂದಿತ್ತು. ಹಾಗೆಂದರೆ ಬರೆದುಕೊಡಬಹುದು, ಪ್ರಕಟಿಸುವಂತಿಲ್ಲ, ಪ್ರಕಟವಾದದ್ದನ್ನು ಮುಟ್ಟುವಂತಿಲ್ಲ. ನನ್ನ ಎಲ್ಲ ಪುಟಗಳ ಮೇಲೂ ಒಡೆಯನೆಂದು ಮುತ್ಯಾನ ಹೆಸರಿತ್ತು. ಮುತ್ಯಾ ಎಂದರೆ ನನ್ನ ತಾಯಿಯ ತಂದೆ. ಇಂಡಿ ತಾಲೂಕಿನ ಝಳಕಿಯ ಹತ್ತಿರ ತೋಟ, ಲಿಂಬೆ ಗಿಡ. ವಯಸ್ಸು ಎಂಬತ್ತೊಂದು. ಕಂಪ್ಯೂಟರ್ ಮುಟ್ಟಿದ್ದು ಸೊನ್ನೆ ಸಲ.

“ಮಾಮಾ, ಮುತ್ಯಾನ ಹೆಸರ ಯಾಕ ಹಾಕಿದಿ?”

“ಮತ್ಯಾರದು ಹಾಕ್ಲಿ? ಕರೆಂಟಿನ ಮೀಟರ್ ಯಾರ ಹೆಸರಿನ್ಯಾಗ ಐತಿ? ಬೋರ್ ಯಾರದು? ಗ್ಯಾಸಿನ ಪುಸ್ತಕ ಯಾರದು? ಮನಿ ಹಿರ್ಯಾನ ಹೆಸರಿಲೆ ಇದ್ರ ಚಂದ.”

“ಇದು ನಂದು ಮಾಮಾ. ನಾ ಬರೀತೇನಿ.”

“ಬರಿ ಯವ್ವಾ, ಬ್ಯಾಡ ಅಂದವ್ರು ಯಾರು? ಆದ್ರ ನೀ ನಾಳಿ ಲಗ್ನಾಗಿ ಹೋಗಾಕಿ. ಹೆಸರ ಬದಲ, ಊರ ಬದಲ. ಆವಾಗ ಯಾರು ಕುಂತು ತಿದ್ದೋರು? ಮುಂದಿಂದ ವಿಚಾರ ಮಾಡೇನಿ ನಾ.”

ಎಂಬತ್ತೊಂದರ ಮುದುಕ ಖಾಯಂ, ಇಪ್ಪತ್ನಾಲ್ಕರ ನಾನು ತಾತ್ಪೂರ್ತಿಕ. ಇದನ್ನು ಮುಂದಾಲೋಚನೆ ಎನ್ನುವ ಬಳಗದಲ್ಲಿ ಹುಟ್ಟಿದವರು ಅನುಮತಿ ಇಲ್ಲ ಎಂಬ ಮಾತಿಗೆ ಬೆಚ್ಚಬಾರದು. ಪಾಸ್‌ವರ್ಡ್ ಮಾವನ ಹತ್ತಿರವೇ ಇತ್ತು. ಅದನ್ನು ಕೇಳಿ ಬರೆದುಕೊಂಡೆ. ಸರ್ವರಿನ ಫೋಲ್ಡರು ಮುಟ್ಟಲು ಅದಷ್ಟೇ ಸಾಕು, ಆದರೆ ಮಾಲೀಕನಾಗಿ ಪುಟದೊಳಗೆ ಹೋಗಲು ಪ್ರತಿ ಸಲ ಒಂದು ಓಟಿಪಿಯೂ ಬೇಕು. ಅದು ಹೋಗುವುದು ಮುತ್ಯಾನ ಗುಂಡಿ ಫೋನಿಗೆ. ಆ ಫೋನು ಇಂಡಿ ಪೇಟೆಗೆ ಲಿಂಬೆ ಒಯ್ಯುವ ದಿನ ಮಾತ್ರ ಚಾಲೂ. ಉಳಿದ ದಿನ ಮೊಳೆಗೆ ತೂಗುಹಾಕಿ ಬಂದ್. ಸಾಗಿಸಿದ ಭಾನುವಾರ ಮಾವ ಖುದ್ದಾಗಿ ಮುತ್ಯಾನ ಪಕ್ಕದಲ್ಲಿ ಕುಳಿತಿದ್ದನಂತೆ. ಮುಂದಿಂದ ವಿಚಾರ ಮಾಡಿದ್ದು ಅಷ್ಟೇ.

ಶನಿವಾರ, ತೋಟದಲ್ಲೇ ಇರುವ ಸಣ್ಣ ಮಾವನ ಫೋನಿಗೆ ಕರೆ ಮಾಡಿ ಮುತ್ಯಾನನ್ನು ಹಿಡಿದೆ. ಅವನ ಫೋನು ಚಾಲೂ ಮಾಡಿಸಿದೆ. ಮೂರು ಸಲ ಓಟಿಪಿ ಕಳಿಸಿದೆ, ಮೂರೂ ಮುಟ್ಟಲಿಲ್ಲ. ಸಂದೇಶದ ಪೆಟ್ಟಿಗೆ ತುಂಬಿಹೋಗಿತ್ತು.

“ಒಂದು ಅಳಸು ಮುತ್ಯಾ. ಯಾವದಾರ ಒಂದು. ಸಣ್ಣ ಮಾಮಾಗ ಕೊಡು, ಅಂವ ಅಳಸ್ತಾನ.”

“ಅಂವಗ್ಯಾಕ ಕೊಡ್ಲಿ? ಬಂದ ಕಾಗದ ಓದದ ಒಗೀತಾರೇನು? ನಾಳಿ ಯಾವನಾರ ಸಾಹೇಬ ಕೇಳಿದ್ರ ಏನ್ ತೋರಸ್ಲಿ?”

ಮುತ್ಯಾನ ಪಡಸಾಲೆಯಲ್ಲಿ ತಂತಿಗೆ ಚುಚ್ಚಿದ ಕರೆಂಟ್ ಬಿಲ್ಲುಗಳು ನನ್ನ ತಾಯಿಯ ಲಗ್ನಕ್ಕಿಂತ ಹಳೆಯವು. ವಾದಿಸಿ ಫಲವಿಲ್ಲವೆಂದು ಭಾನುವಾರ ಆರೂವರೆಗೇ ಮನೆ ಬಿಟ್ಟೆ. ಎರಡು ಬಸ್ಸು ಬದಲಿಸಿ, ಕೊನೆಗೆ ಝಳಕಿಯಿಂದ ನಡೆದು ಹನ್ನೊಂದಕ್ಕೆ ತೋಟ ಮುಟ್ಟಿದೆ.

ಮುತ್ಯಾ ಫೋನನ್ನು ಧೋತರದ ಚುಂಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟ. “ಮೊದಲಿಂದ ಓದು. ಬ್ಯಾಡಾದ್ದು ನಾ ಹೇಳ್ತೇನಿ, ಅದನ್ನಷ್ಟ ತಗಿ.”

ಒಟ್ಟು ಇನ್ನೂರು ಸಂದೇಶ. ಓದಿದೆ. ರಿಚಾರ್ಜ್ ಮಾಡಿರಿ. ರಿಚಾರ್ಜ್ ಮಾಡಿರಿ. ನೀವು ಗೆದ್ದಿದ್ದೀರಿ. ನಿಮಗೆ ಸಾಲ ಮಂಜೂರಾಗಿದೆ.

“ಗೆದ್ದದ್ದು ಇರಲಿ.”

“ಸುಳ್ಳದು, ಮುತ್ಯಾ.”

“ಸುಳ್ಳ ಇದ್ರ ಇರವಲ್ದ್ಯಾಕ. ಬರದವ ನನ್ನ ಹೆಸರಿಟ್ಟ ಬರದಾನಿಲ್ಲ?”

ಮೂವತ್ತೆಂಟನೆಯದರಲ್ಲಿ ನನ್ನ ಸಹನೆ ತೀರಿತು. ಪರೀಕ್ಷೆ ಕಟ್ಟಿದ ಹೆಂಗಸಿನ ಮಾತನ್ನು ನನ್ನ ಫೋನಿನಲ್ಲಿ ತೆಗೆದು ಅವನಿಗೆ ಓದಿ ಹೇಳಿದೆ. ನಿನ್ನ ಹೆಸರಿನ ಪುಟ ಆಕೆಗೆ ತಪ್ಪು ಹೊತ್ತು ಹೇಳಾಕತ್ತೈತಿ, ನಾಳೆ ಆಕೆ ಪರೀಕ್ಷೆ ತಪ್ಪಿಸಿಕೊಂಡರೆ ಅದು ನಿನ್ನ ಹೆಸರಿಗೇ ಬರತೈತಿ ಎಂದೆ.

“ನನ್ನ ಹೆಸರಿಲೆ ಬಸ್ಸಿನ ಪುಟ ಐತಿ?”

“ಹೌದು. ಮಾಮಾ ಹೇಳಿಲ್ಲೇನು?”

“ಮೀಟರಿಂದ ಏನೋ ಅಂದ. ನಾ ಹೆಬ್ಬಟ್ಟ ಒತ್ತಬೇಕೇನಂತ ಕೇಳಿದ್ನಿ, ಬ್ಯಾಡ ಅಂದ.” ಫೋನಿನ ಕಡೆ ಕೈಮಾಡಿ, “ಎಲ್ಲಾ ತಗಿ. ಆ ಮಂಗ್ಯಾಗ ಹೇಳು, ನಾ ಬಸ್ ಹತ್ತೇ ಎಂಟ ವರ್ಷಾತು, ನನ್ನ ಕೇಳಿ ಯಾರ ಬಸ್ ಹಿಡೀತಾರಂತ.”

ಸಂದೇಶಗಳನ್ನೆಲ್ಲ ಅಳಿಸಿದೆ. ಒಂದನ್ನು ಬಿಟ್ಟು, ಗೆದ್ದದ್ದು ಇರಲಿ ಎಂದಿದ್ದನಲ್ಲ. ಹನ್ನೆರಡೂ ಐದಕ್ಕೆ ಓಟಿಪಿ ಬಂತು. ಮುತ್ಯಾನೇ ಒಂದೊಂದಾಗಿ ಅಂಕಿ ಓದಿದ, ಪ್ರತಿ ಅಂಕಿಯ ನಂತರ “ಬರಕೊಂಡೇನು?” ಎಂದು ಕೇಳುತ್ತ. ಒಳಗೆ ಹೋದೆ. ಮೊದಲು ಏಳೂ ಐವತ್ತನ್ನು ಏಳೂ ಇಪ್ಪತ್ತು ಮಾಡಿದೆ. ಆಮೇಲೆ ನನ್ನದೇ ಉತ್ತರವನ್ನು ನಾನೇ ಮಂಜೂರು ಮಾಡಿದೆ. ಕೊನೆಗೆ ನನ್ನ ಹೆಸರು, ನನ್ನ ನಂಬರು ಹಾಕಿ ಮುತ್ಯಾನ ಹೆಸರು ತೆಗೆದೆ. ಐದು ದಿನ ಹಿಡಿದ ಕೆಲಸಕ್ಕೆ ಬೇಕಾದದ್ದು ಒಂಬತ್ತು ನಿಮಿಷ.

ಸಂಜೆ ಸಿಂದಗಿಯಿಂದ ಕರೆ ಬಂತು. ಐದು ದಿನಗಳಲ್ಲಿ ಮಾವ ತಾನಾಗಿ ಮಾಡಿದ ಮೊದಲ ಕರೆ. “ಹಿರ್ಯಾನ ಹೆಸರ ತಗದಿ ಅಂತಲ್ಲ?”

“ರಿಫ್ರೆಶ್ ಮಾಡು ಮಾಮಾ,” ಎಂದು ಇಟ್ಟುಬಿಟ್ಟೆ.

ಆದರೂ ಆ ಹೆಂಗಸಿನಿಂದ ಮರುಮಾತಿರಲಿಲ್ಲ. ಸೋಮವಾರ ಅರ್ಧ ದಿನ ರಜೆ ಹಾಕಿ ಏಳೂ ಇಪ್ಪತ್ತರ ಬಸ್ಸನ್ನು ನಾನೇ ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಕ್ರಾಸುಗಳನ್ನು ಎಣಿಸಿದೆ. ಮೊದಲನೆಯದರಲ್ಲಿ ಇಬ್ಬರು ಗಂಡಸರು. ಎರಡನೆಯದರಲ್ಲಿ ಯಾರೂ ಇಲ್ಲ. ಮೂರನೆಯದರಲ್ಲಿ ಹಾಲಿನ ಕ್ಯಾನು. ನಾಲ್ಕು, ಐದು ಖಾಲಿ. ಆರನೆಯದರಲ್ಲಿ ಮೂವತ್ತರ ಆಸುಪಾಸಿನ ಒಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಹಾಲ್ ಟಿಕೆಟ್ ಹಿಡಿದು ಹತ್ತಿ ನನ್ನ ಪಕ್ಕದಲ್ಲೇ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಪುಟ ನೋಡಿ ಬಂದ್ರೇನ್ರಿ ಅಕ್ಕಾ?” ನನಗೆ ತಡೆಯಲಾಗಲಿಲ್ಲ.

“ನೀವ ಏನ್ರಿ ಅದನ್ನ ಬರಿಯಾವ್ರು?” ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೋಡಿದ್ನಿರಿ. ಶನಿವಾರ ಏಳೂ ಐವತ್ತಿತ್ತು. ನಿನ್ನಿ ನೋಡಿದ್ರ ಏಳೂ ಇಪ್ಪತ್ತು. ಇದು ಘಳಿಗಿಗೊಂದ ಹೇಳತೈತಂತ ಎರಡೂ ನಂಬಲಿಲ್ರಿ. ಆರಕ್ಕ ಬಂದ ನಿಂತೇನಿ.”

ಡೈರಿ ತೆರೆದದ್ದು ತೊಡೆಯ ಮೇಲೆ ಹಾಗೇ ಇತ್ತು. ಆಕೆ ಅದನ್ನೂ ಒಮ್ಮೆ ನೋಡಿದಳು.

“ಮುದ್ದೇಬಿಹಾಳದಿಂದ ತಿರಗಿ ಬರೂ ಬಸ್ಸ ಎಷ್ಟಕ್ಕೈತ್ರಿ?”

“ಒಂದೂವರೀಕ್ರಿ,” ಎಂದೆ. ನೂರ ಎಂಬತ್ತು ದಿನದ ದಾಖಲೆ ಇದ್ದ ಉತ್ತರ.

ಆಕೆ ಹೌದೆನ್ನುವಂತೆ ತಲೆ ಆಡಿಸಿದಳು. ಆಮೇಲೆ ಹಿಂದಕ್ಕೆ ತಿರುಗಿ ಕಂಡಕ್ಟರನನ್ನು ಕರೆದು ಅದನ್ನೇ ಕೇಳಿದಳು.

“ಒಂದೂವರೀಕ,” ಎಂದ ಅವನು ಟಿಕೆಟ್ ಹರಿಯುತ್ತ.

“ಹಾಂ,” ಎಂದು ಆಕೆ ನಿಶ್ಚಿಂತಳಾಗಿ ಪುಸ್ತಕ ತೆಗೆದಳು.