ತಾತನ ಹಗ್ಗ ಹಿಡಿದವನು

ಮೆಟ್ಟಿಲಿನ ಕಲ್ಲು ಕಳಚಿ ರಂಗಪ್ಪ ತಾತ ಬಾವಿಯೊಳಗೆ ಜಾರಿದಾಗ ನನಗೆ ಯಾವ ಸದ್ದೂ ಕೇಳಿಸಲಿಲ್ಲ. ಕೆಳಗೆ ಹಸಿರು ನೀರು ಮೆಲ್ಲಗೆ ಕಣ್ಣು ತೆರೆದಂತೆ ಕಂಡಿತು. ಅವರ ಸೊಂಟಕ್ಕೆ ಕಟ್ಟಿದ್ದ ಹಗ್ಗ ಕಲ್ಲುಕಂಬಕ್ಕೆ ಒಂದು ಸುತ್ತು ಬಂದು, ಹದಿನಾರರ ಹುಡುಗನೊಬ್ಬನ ಕೈಯಲ್ಲಿತ್ತು.

ಬೈಕ್ ಕದ್ದು ಸಿಕ್ಕಿಬಿದ್ದಿದ್ದ ಅವನನ್ನು ಬಾಲ ನ್ಯಾಯ ಮಂಡಳಿ ಸಮುದಾಯ ಸೇವೆಗೆಂದು, ಮಧುಗಿರಿ ಸುತ್ತಲಿನ ಹಳೆಯ ಬಾವಿಗಳ ಹೂಳೆತ್ತುವ ನಮ್ಮ ತಂಡಕ್ಕೆ ಕಳುಹಿಸಿತ್ತು. ಬಾವಿಗೆ ಇಳಿಯುವವರೇ ಹಗ್ಗ ಹಿಡಿಯುವವರನ್ನು ಆರಿಸುವುದು ನಮ್ಮಲ್ಲಿ ರೂಢಿ. ಅಂದು ಬೆಳಿಗ್ಗೆ ತಾತ ಅವನನ್ನು ಕರೆದಾಗ, "ಬೇರೆ ಯಾರಿಗಾದ್ರೂ ಕೊಡಿ" ಎಂದು ಅವನೆದುರೇ ಹೇಳಿದವನು ನಾನು.

"ಇವ್ನೇ ಆಗ್ಲಿ ಬುಡಿ ಸಾರ್" ಎಂದು ತಾತ ನಕ್ಕು, ಹುಡುಗನತ್ತ ತಿರುಗಿದ್ದರು. "ನೆಟ್ಟಗೆ ಹಿಡ್ಕಳ್ಲಾ. ನಾನು ಹೋದ್ರೆ ನಮ್ಮನೆ ಮುದುಕಿ ನಿನ್ನ ಸುಮ್ನೆ ಬುಡಲ್ಲ!"

ಈಗ ತಾತ ಜಾರುತ್ತಲೇ ಸರ್ರನೆ ಓಡಿದ ಹಗ್ಗ ಥಟ್ಟನೆ ನಿಂತಿತು. ಹುಡುಗ ಕಂಬಕ್ಕೆ ಕಾಲು ಕೊಟ್ಟು ಹಿಂದಕ್ಕೆ ಬಾಗಿದ್ದ. ನಾವೆಲ್ಲ ಓಡಿಹೋಗಿ ಕೈ ಹಾಕಿ ತಾತನನ್ನು ಮೇಲೆಳೆದೆವು. ಹುಡುಗನ ಅಂಗೈಯ ಚರ್ಮ ಸುಲಿದುಹೋಗಿತ್ತು. ತಾತ ಉಸಿರು ಸುಧಾರಿಸಿಕೊಂಡು, ಆ ಅಂಗೈಗೆ ಊದುತ್ತಾ ಕೇಳಿದರು: "ನಾಳಿಕ್ಕೂ ಬತ್ತೀಯೇನ್ಲಾ?"

"ಬತ್ತೀನಿ ತಾತ" ಎಂದವನು ಅಳುತ್ತಿದ್ದ.

ಸೇವೆಯ ದಿನಗಳು ಮುಗಿದರೂ ಅವನು ಬರುವುದನ್ನು ಬಿಟ್ಟಿಲ್ಲ. ನನಗೆ ಮಾತ್ರ ಆಗಾಗ ಒಂದೇ ಕನಸು. ಅದರಲ್ಲಿ ಹಗ್ಗ ನನ್ನ ಕೈಯಲ್ಲಿರುತ್ತದೆ. ಅಂಗೈ ಉರಿಯತೊಡಗಿದ ಕೂಡಲೇ ನಾನು ಬಿಟ್ಟುಬಿಡುತ್ತೇನೆ.