ಒಂದೇ ಟ್ಯಾಂಕಿನ ಲಾರಿ

ಚನ್ನಬಸಣ್ಣನಿಗೆ ಕೇಳುವ ಚಟವಿತ್ತು. ಬೀಡಿಯ ಚಟ, ಇಸ್ಪೀಟಿನ ಚಟ ಇದ್ದವರನ್ನು ನಮ್ಮ ಹೊಸಮನೆ ಬಡಾವಣೆಯ ಬೀದಿ ಹೇಗೋ ಸಹಿಸಿಕೊಂಡಿತ್ತು. ಈ ಚಟಕ್ಕೆ ಏನು ಮಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೇಳದೆ ಬಿಟ್ಟರೆ ಯಾರಿಗೂ ತೊಂದರೆಯಾಗದಂಥ ಪ್ರಶ್ನೆಯೊಂದನ್ನು ಹುಡುಕಿಕೊಂಡು, ಅದಕ್ಕೆ ಉತ್ತರ ಹೇಳುವ ಅಧಿಕಾರವಿದ್ದವನ ಎದುರಿಗೇ ಹೋಗಿ ನಿಲ್ಲುತ್ತಿದ್ದರು.

ಭದ್ರಾವತಿಯ ಬಸ್ಸಿನಲ್ಲಿ ಒಮ್ಮೆ ನಾನು ಅವರ ಪಕ್ಕ ಕೂತಿದ್ದೆ. ಗೋಣಿಚೀಲ ಸುತ್ತಿದ ಲಾರಿ ಬ್ಯಾಟರಿಯೊಂದು ಅವರ ಕಾಲುಗಳ ನಡುವೆ ಇತ್ತು. ಕಂಡಕ್ಟರ್ ನಮಗೆ ಟಿಕೆಟ್ ಕೊಟ್ಟು ಮುಂದೆ ಹೋಗಿಯಾಗಿತ್ತು. ಇವರು ಅವನ ಅಂಗಿಯ ತುದಿ ಹಿಡಿದು ವಾಪಸ್ ಕರೆದರು.

“ಇದಕ್ಕೂ ಟಿಕೆಟ್ ಬೇಕಾ?”

“ಏನ್ರೀ ಅದು?”

“ಬ್ಯಾಟ್ರಿ.”

“ಅಯ್ಯೋ ಯಜಮಾನ್ರೇ, ನೀವು ಸುಮ್ನೆ ಕೂತಿದ್ರೆ ನಾನು ನೋಡೇ ಇಲ್ಲ ಅಂತ ಆಗ್ತಿತ್ತು. ಈಗ ನೋಡ್ದಂಗಾಯ್ತು. ಲಗೇಜ್ ಕೊಡಿ. ಆಸಿಡ್ ಬೇರೆ ಇರತ್ತೆ ಅದ್ರಲ್ಲಿ, ನಿಮ್ಮನ್ನ ಇಳಿಸ್ಬೇಕಿತ್ತು ನಾನು!”

ಲಗೇಜ್ ಕೊಟ್ಟು ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಎಂಥದೋ ನೆಮ್ಮದಿ. “ನೋಡು ಮಾರಾಯ, ಇನ್ಮೇಲೆ ಇದು ಧೈರ್ಯವಾಗಿ ಕೂತ್ಕೊಳ್ಳತ್ತೆ.”

ಇದು ತೊಂಬತ್ತರ ದಶಕದ ಕೊನೆಯ ಮಾತು. ಎರಡು ಸಾವಿರ ದಾಟಿತ್ತೋ ಏನೋ. ನಾನಾಗ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುತ್ತಾ, ಯಾವುದರಲ್ಲೂ ನಿಲ್ಲದೆ ಅಲೆಯುತ್ತಿದ್ದೆ. ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ನೋಡಿದ್ದು, ಕೇಳಿದ್ದು, ಆಮೇಲೆ ಕಲ್ಪಿಸಿಕೊಂಡದ್ದು ಎಲ್ಲವೂ ಅದರಲ್ಲಿ ಒಂದೇ ಬಣ್ಣಕ್ಕೆ ತಿರುಗುತ್ತವೆ. ಹಾಗಾಗಿ ಮುಂದೆ ಬರೆಯುವುದರಲ್ಲಿ ಅನುಮಾನವಿರುವ ಕಡೆ ಅನುಮಾನವಿದೆ ಎಂದೇ ಬರೆಯುತ್ತೇನೆ.

ಚನ್ನಬಸಣ್ಣ ನಮ್ಮ ಪಕ್ಕದ ಮನೆಯವರು. ಪ್ರಾಯದಲ್ಲಿ ಒಂದು ಅದಿರಿನ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಅಲ್ಲಿಂದ ಬಂದವರು ಭದ್ರಾವತಿಯಲ್ಲಿ ಒಂದು ಶೆಡ್ ಹಿಡಿದು, ಲೇತು, ವೆಲ್ಡಿಂಗು ಇಟ್ಟುಕೊಂಡು, ಸೆಲ್ವಂ ಎಂಬ ವೆಲ್ಡರನ ಜೊತೆ ದುಡಿಯುತ್ತಿದ್ದರು. ಅವರದೇ ಒಂದು ಹಳೆಯ ಲಾರಿಯೂ ಇತ್ತು. ಗಣಿಯಲ್ಲಿ ಓಡುತ್ತಿದ್ದ, ಮನೆಯಷ್ಟು ಎತ್ತರದ ಡಂಪರುಗಳು ಅವರ ತಲೆಯಿಂದ ಇಳಿದಿರಲಿಲ್ಲ. ಅವುಗಳಲ್ಲಿ ಎಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ. ಕರೆಂಟು ಉತ್ಪಾದಿಸುತ್ತದೆ ಅಷ್ಟೆ. ಚಕ್ರ ತಿರುಗಿಸುವುದು ಮೋಟಾರು.

“ಗಂಡ ದುಡ್ಕೊಂಡು ಬರ್ತಾನೆ, ಸಂಸಾರ ಓಡ್ಸೋಳು ಹೆಂಡ್ತಿ. ಎಂಜಿನ್ ಗಂಡ, ಮೋಟ್ರು ಹೆಂಡ್ತಿ” ಎಂದು ವಿವರಿಸುತ್ತಿದ್ದರು. ತಮ್ಮ ಲಾರಿಗೆ ಡಂಪರಿನಲ್ಲಿಲ್ಲದ ಇನ್ನೊಂದನ್ನೂ ಅವರು ಸೇರಿಸಿದ್ದರು. “ಬ್ಯಾಟ್ರಿ ಅಂದ್ರೆ ಸಾಸಿವೆ ಡಬ್ಬೀಲಿ ಹೆಂಡ್ತಿ ಬಚ್ಚಿಟ್ಟಿರೋದು. ಗಂಡ ಮಲಗಿದ್ರೂ ಒಲೆ ಉರಿಯತ್ತೆ.”

ಅವರ ಹೆಂಡತಿ ಗಿರಿಜಕ್ಕ ಒಳಗಿನಿಂದಲೇ ಹೇಳುತ್ತಿದ್ದರು: “ಗಂಡ ಮಲಗಿರೋದಂತೂ ನಿಜ. ಡಬ್ಬಿ ವಿಷ್ಯ ನನ್ನ ಕೇಳಿ.”

ಆ ಬ್ಯಾಟರಿ ಏಕೆ ಬೇಕಾಗಿತ್ತು ಎಂಬುದನ್ನು ತಿಳಿಯಲು ಕಬ್ಬಿನ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಒಂದು ದಿನ ನಿಲ್ಲಬೇಕಿತ್ತು. ಕಬ್ಬು ಹೇರಿದ ಲಾರಿಗಳ ಸಾಲು ಕಣ್ಣು ಹೋಗುವಷ್ಟು ದೂರ. ಮುಂದಿನ ಲಾರಿ ತೂಕಕ್ಕೆ ಹೋಯಿತೆಂದರೆ ಸಾಲೆಲ್ಲ ಒಂದು ಲಾರಿಯುದ್ದ ಮುಂದೆ ಸರಿಯಬೇಕು. ಅಷ್ಟಕ್ಕೆ ಎಲ್ಲರೂ ಎಂಜಿನ್ ಎಬ್ಬಿಸಬೇಕು. ಮತ್ತೆ ಮತ್ತೆ ಏಳಲು ತ್ರಾಣವಿಲ್ಲದ ಹಳೆಯ ಲಾರಿಗಳು ಎಂಜಿನ್ ಆರಿಸದೆ ದಿನವಿಡೀ ನಿಂತಲ್ಲೇ ಗುರುಗುಟ್ಟುತ್ತಿದ್ದವು. ಡ್ರೈವರುಗಳ ಕಣ್ಣು ಹೊಗೆಗೆ ಕೆಂಪಾಗಿರುತ್ತಿತ್ತು.

ಈ ಸಾಲಿಗಾಗಿಯೇ ಚನ್ನಬಸಣ್ಣ ತಮ್ಮ ಲಾರಿಯನ್ನು ಬಿಚ್ಚಿ ಕಟ್ಟಿದರು. ಗೇರ್‌ಬಾಕ್ಸ್ ತೆಗೆದು, ಎಂಜಿನ್ನಿಗೆ ಜನರೇಟರನ್ನೂ ಹಿಂದಿನ ಚಕ್ರಗಳಿಗೆ ಹಳೆಯ ಕ್ರೇನಿನ ಮೋಟಾರನ್ನೂ ಜೋಡಿಸಿದರು. ಒಡಲಿನ ಕೆಳಗೆ ಬ್ಯಾಟರಿಗಳ ಸಾಲು. ರಸ್ತೆಯಲ್ಲಿ ಎಂಜಿನ್ ಕರೆಂಟು ಕೊಡುತ್ತದೆ. ಗೇಟಿನ ಸಾಲಿನಲ್ಲಿ ಎಂಜಿನ್ ಆರಿಸಿ, ಬ್ಯಾಟರಿಯಲ್ಲೇ ತೆವಳಬಹುದು.

ನಾನು ವಾದಕ್ಕೆ ನಿಂತೆ. ಎಂಜಿನ್ನಿಂದ ಜನರೇಟರು, ಅಲ್ಲಿಂದ ಬ್ಯಾಟರಿ, ಅಲ್ಲಿಂದ ಮೋಟಾರು. ಕೈ ಬದಲಾದಾಗಲೆಲ್ಲ ಒಂದಿಷ್ಟು ಶಕ್ತಿ ಸೋರುತ್ತದೆ, ರಸ್ತೆಯಲ್ಲಿ ನಿಮಗೆ ನಷ್ಟವೇ ಎಂದೆ.

“ರಸ್ತೇಲಿ ನಷ್ಟ, ಸಾಲಲ್ಲಿ ಲಾಭ” ಎಂದರು. “ನಮ್ಮ ಲಾರಿ ಹೆಚ್ಚು ಹೊತ್ತು ಎಲ್ಲಿರತ್ತೆ ಹೇಳು?”

ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿಯಾಗುತ್ತಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಬ್ಯಾಟರಿಗಳ ಭಾರವನ್ನು ಅವರು ಯಾವಾಗಲೂ ಮರೆಯುತ್ತಿದ್ದರು.

ಆ ಲಾರಿ ಬ್ಯಾಟರಿಯಲ್ಲೇ ಓಡುವಾಗ ನಾನು ಒಮ್ಮೆ ಅದರಲ್ಲಿ ಕೂತಿದ್ದೇನೆ. ಶೆಡ್ಡಿನ ಹಿಂದಿನ ಮಣ್ಣುದಾರಿ, ಇಳಿಬಿಸಿಲು. ಅವರು ಎಂಜಿನ್ ಆರಿಸಿದರು. ಲಾರಿ ನಿಲ್ಲಲಿಲ್ಲ. ಚಕ್ರದ ಕೆಳಗೆ ಜಲ್ಲಿಕಲ್ಲು ಪುಡಿಯಾಗುವ ಸದ್ದು, ಬೇಲಿಯಲ್ಲಿ ಹಕ್ಕಿಯ ಸದ್ದು ಕೇಳಿಸಿತು. “ಅಣ್ಣೇ, ಓಡುತ್ತೆ ಅಣ್ಣೇ!” ಎಂದು ಸೆಲ್ವಂ ಪಕ್ಕದಲ್ಲಿ ಓಡಿಬರುತ್ತಿದ್ದ. ಎಷ್ಟು ದೂರ ಹೋದೆವು? ಒಮ್ಮೊಮ್ಮೆ ಹೆದ್ದಾರಿಯವರೆಗೂ ಹೋದಂತೆ ನೆನಪು. ಒಮ್ಮೊಮ್ಮೆ ಶೆಡ್ಡಿನ ಗೋಡೆ ದಾಟಿದ್ದೂ ಅನುಮಾನ. ಆ ಹಕ್ಕಿ ಆಮೇಲೆ ನಾನು ಸೇರಿಸಿಕೊಂಡದ್ದಿರಬಹುದು.

ಲಾರಿ ಸಾಲಿಗೆ ಹೋಗುವ ಮೊದಲೇ ಪ್ರಶ್ನೆ ಹುಟ್ಟಿತು. ಶೆಡ್ಡಿನಲ್ಲಿ ಕರೆಂಟು ಹೋದಾಗ ಅವರು ಲಾರಿಯನ್ನೇ ಬಾಗಿಲಿಗೆ ತಂದು, ವೈರು ಎಳೆದು, ಅದರ ಜನರೇಟರಿನಿಂದ ವೆಲ್ಡಿಂಗ್ ಮಾಡಿಸುತ್ತಿದ್ದರು. ಉತ್ಪಾದನೆಗೆಂದು ಜನರೇಟರಿನಲ್ಲಿ ಸುಡುವ ಡೀಸೆಲ್ಲಿಗೆ ಕಡಿಮೆ ತೆರಿಗೆ, ರಸ್ತೆಯಲ್ಲಿ ಸುಡುವುದಕ್ಕೆ ಪೂರ್ತಿ ತೆರಿಗೆ ಎಂಬ ನಿಯಮವಿದೆ ಎಂದು ಅವರು ಹೇಳುತ್ತಿದ್ದರು. ನಿಯಮ ನಿಜವಾಗಿ ಹೇಗಿತ್ತೋ ನಾನು ನೋಡಿಲ್ಲ. ಅವರ ಶೆಡ್ಡಿಗೆ ಬರುತ್ತಿದ್ದದ್ದು ಕಡಿಮೆ ತೆರಿಗೆಯ ಡೀಸೆಲ್. ಲಾರಿಗೆ ಇದ್ದದ್ದು ಒಂದೇ ಟ್ಯಾಂಕು.

“ಬಂಕಲ್ಲೇ ಪೂರ್ತಿ ತೆರಿಗೆ ಕೊಟ್ಟು ಹಾಕಿಸ್ಕೊಳಿ, ಮುಗೀತಲ್ಲ” ಎಂದೆ.

“ವೆಲ್ಡಿಂಗಿಗೆ ಸುಟ್ಟಿದ್ದಕ್ಕೆ ಯಾಕೆ ಪೂರ್ತಿ ಕೊಡ್ಲಿ?”

“ಹಾಗಾದ್ರೆ ಶೆಡ್ಡಿಂದೇ ಹಾಕಿ. ಯಾರು ನೋಡ್ತಾರೆ?”

“ಕದ್ದಂಗಾಗ್ಲಿಲ್ವಾ?” ಎಂದು ಎದ್ದು ನಿಂತರು. “ಕೇಳೇಬಿಡಣ.”

ಗಿರಿಜಕ್ಕ ಬಾಗಿಲಿಗೆ ಬಂದು ನಿಂತರು. “ಕೈ ಮುಗೀತೀನಿ, ಕೇಳ್ಬೇಡಿ. ಕಬ್ಬು ಶುರುವಾಗ್ತಿದೆ. ಮೊದ್ಲು ಲಾರಿ ಓಡ್ಸಿ, ಆಮೇಲೆ ಊರೆಲ್ಲ ಕೇಳ್ಕೊಂಡು ಬನ್ನಿ.”

ಅವರು ನನ್ನನ್ನೂ ಕೂರಿಸಿಕೊಂಡು, ಲಾರಿಯನ್ನೇ ಓಡಿಸಿಕೊಂಡು ಶಿವಮೊಗ್ಗೆಗೆ ಹೋಗಿ ಕೇಳಿದರು. ತೆರಿಗೆಯ ಅಧಿಕಾರಿ ಕೆಟ್ಟವನಲ್ಲ. ಕೂರಿಸಿ ಚಹಾ ತರಿಸಿದ.

“ಇದು ಜನರೇಟ್ರಾ, ಲಾರಿನಾ?” ಎಂದ.

“ಅದನ್ನ ಕೇಳೋಕೇ ನಾನು ಬಂದಿದ್ದು ಸಾರ್. ಟ್ಯಾಂಕಲ್ಲಿರೋ ಡೀಸೆಲ್ಲಿಗೆ ತಾನು ಎಲ್ಲಿ ಸುಡ್ತೀನಿ ಅಂತ ಗೊತ್ತಿರತ್ತಾ?”

ಅಧಿಕಾರಿ ನಕ್ಕ. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅಧಿಕಾರಿ ಯೋಚನೆಗೆ ಬಿದ್ದ. ಕೇಳದಿದ್ದರೆ ಅವನಿಗೆ ಈ ತಲೆನೋವಿರಲಿಲ್ಲ. ಕೇಳಿದ ಮೇಲೆ ಏನಾದರೊಂದು ಹೇಳಬೇಕು, ತಪ್ಪು ಹೇಳಿದರೆ ಅವನ ಕೊರಳಿಗೆ. ಮೊದಲು ಇದು ಎಂಥ ಗಾಡಿ ಎಂದು ತಿಳಿಯಲಿ ಎಂದು ಗಾಡಿಗಳ ಕಚೇರಿಗೆ ಕಳಿಸಿದ. ಅಲ್ಲಿಯವರು ಬಗ್ಗಿ ನೋಡಿದರು. ಪುಸ್ತಕದಲ್ಲಿ ಗೇರ್‌ಬಾಕ್ಸ್ ಇರುವ ಲಾರಿ, ಎದುರಿಗೆ ಗೇರ್‌ಬಾಕ್ಸ್ ಇಲ್ಲದ ಲಾರಿ. ಅನುಮತಿಯಿಲ್ಲದೆ ಬದಲಾಯಿಸಿದ್ದೀರಿ, ಮೇಲಿನಿಂದ ಅಭಿಪ್ರಾಯ ಬರುವವರೆಗೆ ಇದು ಕದಲಬಾರದು ಎಂದರು. ಲಾರಿ ಅಲ್ಲೇ ಹಿತ್ತಲಿನ ಮರದ ಕೆಳಗೆ ನಿಂತಿತು.

ಕಬ್ಬು ಶುರುವಾಯಿತು. ಚನ್ನಬಸಣ್ಣ ವಾರವಾರವೂ ಆ ಕಚೇರಿಗೆ ಹೋಗುತ್ತಿದ್ದರು. ಅಭಿಪ್ರಾಯ ಬಂದಿರುತ್ತಿರಲಿಲ್ಲ. ಅವರಿಗೆ ಅದಕ್ಕಿಂತ ಬ್ಯಾಟರಿಗಳ ಚಿಂತೆ. ಚಾರ್ಜ್ ಇಲ್ಲದೆ ನಿಂತರೆ ಅವು ಸಾಯುತ್ತವೆ. ದಿನಕ್ಕೆ ಒಂದಿಷ್ಟು ಹೊತ್ತು ಎಂಜಿನ್ ಓಡಿಸಲು ಬಿಡಿ ಎಂದು ಗುಮಾಸ್ತನನ್ನು ಕೇಳಿದರು. ನಾನು ಜೊತೆಗಿದ್ದೆ.

“ಓಡ್ಸಿದ್ರೆ ಡೀಸೆಲ್ ಸುಡತ್ತಲ್ರೀ?”

“ಸುಡತ್ತೆ.”

“ಯಾವ ಲೆಕ್ಕದಲ್ಲಿ ಸುಡತ್ತೆ? ನೀವೇ ತಾನೇ ಕೇಳಿರೋದು? ಅದು ತೀರ್ಮಾನ ಆಗ್ಲಿ, ಆಮೇಲೆ ಓಡ್ಸಿ.”

ಗುಮಾಸ್ತ ಗೇಲಿ ಮಾಡುತ್ತಿರಲಿಲ್ಲ. ಅವನಿಗೆ ಅದು ನಿಜವಾದ ತೊಡಕಾಗಿಯೇ ಕಂಡಿತ್ತು. ಚನ್ನಬಸಣ್ಣನಿಗೂ ಹಾಗೆಯೇ ಕಂಡಿತು; ನನಗೆ ಸಿಟ್ಟು ಬಂದದ್ದು ಅದಕ್ಕೇ. “ಅವ್ನು ಹೇಳೋದ್ರಲ್ಲೂ ನ್ಯಾಯ ಇದೆ ಮಾರಾಯ” ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು.

ಕಬ್ಬು ಮುಗಿಯಿತು. ಶೆಡ್ಡಿನಲ್ಲಿ ಸೆಲ್ವಂ ಒಬ್ಬನೇ ಕೆಲಸ ಮಾಡುತ್ತಿದ್ದ. ಇವರು ಮನೆಯ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದರು. ಗಿರಿಜಕ್ಕ ಬೈಯುವುದನ್ನು ನಿಲ್ಲಿಸಿದ್ದರು. ಆ ಮನೆಯ ಮೌನಕ್ಕೆ ಹೆದರಿ ನಾನು ಹೋಗುವುದನ್ನು ಕಡಿಮೆ ಮಾಡಿದೆ.

ಮುಂದಿನ ವರ್ಷದ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ನಾನಾಗ ಹುಬ್ಬಳ್ಳಿಯಲ್ಲಿ ಪಾಠ ಮಾಡುತ್ತಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಡೀಸೆಲ್ಲನ್ನೂ ಬ್ಯಾಟರಿಯನ್ನೂ ಸೇರಿಸಿ ಓಡಿಸುವ ಲಾರಿಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಓದುತ್ತೇನೆ. ಅವರು ಕಾಲಕ್ಕಿಂತ ಮುಂದಿದ್ದರು ಎಂದೇನೂ ನನಗೆ ಅನ್ನಿಸುವುದಿಲ್ಲ. ಆ ಲಾರಿ ಸಾಲಿನಲ್ಲಿ ಒಂದು ದಿನವಾದರೂ ತೆವಳಿದ್ದರೆ ಏನಾದರೂ ಹೇಳಬಹುದಿತ್ತು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಲಾರಿ ಬಿಡಿಸಿಕೊಂಡ ದಿನ. ಮೇಲಿನಿಂದ ಕೊನೆಗೂ ಬಂದ ಉತ್ತರದಲ್ಲಿ ತೆರಿಗೆಯ ಮಾತೇ ಇರಲಿಲ್ಲ. ಗಾಡಿಯನ್ನು ಮೊದಲಿದ್ದಂತೆ ಮಾಡಿ ತೆಗೆದುಕೊಂಡು ಹೋಗಬಹುದು, ಅಷ್ಟೆ. ಮರದ ಕೆಳಗೇ, ಸೆಲ್ವಂ ಮತ್ತು ಅವರು ಸೇರಿ ಮೋಟಾರು ಇಳಿಸಿದರು, ಜನರೇಟರು ಬಿಚ್ಚಿದರು, ಸತ್ತ ಬ್ಯಾಟರಿಗಳನ್ನು ತೆಗೆದರು, ಹಳೆಯ ಗೇರ್‌ಬಾಕ್ಸನ್ನು ಮತ್ತೆ ಕೂರಿಸಿದರು. ಅವರ ಕೈ ಚುರುಕಾಗಿಯೇ ಇತ್ತು. ಬಿಚ್ಚಿದ್ದನ್ನೆಲ್ಲ ಲಾರಿಯ ಹಿಂಭಾಗಕ್ಕೆ ಹಾಕಿ ಟಾರ್ಪಾಲ್ ಹೊದಿಸಿದ್ದಾಯಿತು. ಶೆಡ್ಡಿನಿಂದ ತಂದ ಬೇರೆ ಬ್ಯಾಟರಿಯೊಂದನ್ನು ಜೋಡಿಸಿ ಕೀಲಿ ತಿರುಗಿಸಿದಾಗ ಎಂಜಿನ್ ಕೆಮ್ಮಿ ಎದ್ದಿತು. ನಾವು ಮೂವರೂ ಮುಂದೆ ಕೂತೆವು.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

“ಹಿಂದ್ಗಡೆ ಏನ್ರೀ ಲೋಡು?”

“ಗುಜರಿ.”

ಅವನು ಗೇಟು ತೆರೆದ. ಲಾರಿ ಮೊದಲನೇ ಗೇರಿನಲ್ಲಿ ಅರಚುತ್ತಾ ರಸ್ತೆಗೆ ಬಂತು.

ಗುಜರಿ ಎಂಬ ಆ ಮಾತನ್ನು ಕಾವಲುಗಾರನೇ ಆಡಿರಬಹುದೆಂದು ಎಷ್ಟೋ ಸಲ ನನಗೆ ನಾನೇ ವಾದಿಸಿಕೊಂಡಿದ್ದೇನೆ. ಆದರೆ ಟಾರ್ಪಾಲಿನ ಕೆಳಗೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಳಗೆ ಕೂತಿದ್ದ ನಾವು ಮೂವರು. ನಾನು ಹೇಳಲಿಲ್ಲ. ಸೆಲ್ವಂ ಅಳುತ್ತಿದ್ದ.